ಕುತ್ತಿಗೆಯ ಗಂಟು: ಮೊದಲು ಬಯಾಪ್ಸಿ, ಆಮೇಲೆ ಮಾತ್ರೆ

ಲಿಂಫೋಮಾ, ಅಂದ್ರೆ ದುಗ್ಧಗ್ರಂಥಿಗಳ ಕ್ಯಾನ್ಸರ್ ಬಗ್ಗೆ ನೀವು ಕಳಿಸಿದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಪ್ರಶ್ನೆ. ಊರು ಮಾತ್ರ ಬೇರೆ. ಹಾಗಾಗಿ ಈ ಸಲ ಹೆಚ್ಚಿನ ಜಾಗ ಅದಕ್ಕೇ ಹೋಗಿದೆ. ಉಳಿದವರು ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮಗನಿಗೆ 23 ವರ್ಷ. ಕುತ್ತಿಗೆಯಲ್ಲಿ ಗಂಟು, ನೋವಿಲ್ಲ. ಸೂಜಿ ಹಾಕಿ ಪರೀಕ್ಷೆ ಮಾಡಿದಾಗ ‘ಗ್ರಾನುಲೋಮಾ’ ಅಂತ ಬಂತು. ಟಿಬಿ ಮಾತ್ರೆ ಶುರುವಾಗಿ ಮೂರು ತಿಂಗಳಾಯಿತು. ಗಂಟು ಇಳಿದಿಲ್ಲ, ಪಕ್ಕದಲ್ಲಿ ಇನ್ನೊಂದು ಎದ್ದಿದೆ. ಈಗ ಗಂಟು ತೆಗೆಸಿ ಬಯಾಪ್ಸಿ ಮಾಡಿಸಿ ಅನ್ನುತ್ತಾರೆ. ಕತ್ತಿ ಹಚ್ಚಿದರೆ ಕ್ಯಾನ್ಸರ್ ಹಬ್ಬುತ್ತದೆ ಅಂತ ಊರಲ್ಲಿ ಹೆದರಿಸುತ್ತಿದ್ದಾರೆ. (ಹಾನಗಲ್ ತಾಲ್ಲೂಕು)

ಉತ್ತರ: ತೆಗೆಸಿ. ಈ ವಾರವೇ.

ಟಿಬಿ ಮಾತ್ರೆ ಕೊಟ್ಟ ಡಾಕ್ಟರನ್ನು ಬೈಯಬೇಡಿ. ನಮ್ಮ ಕಡೆ ಕುತ್ತಿಗೆಯ ಗಂಟು ಅಂದರೆ ಟಿಬಿ ಇರುವುದೇ ಹೆಚ್ಚು. ಟಿಬಿ, ಲಿಂಫೋಮಾ ಎರಡರಲ್ಲೂ ಸಾಮಾನ್ಯವಾಗಿ ಗಂಟು ನೋಯುವುದಿಲ್ಲ, ಸಂಜೆ ಜ್ವರ, ರಾತ್ರಿ ಬೆವರು, ತೂಕ ಇಳಿಯುವುದು ಎಲ್ಲ ಒಂದೇ ಥರ. ಬೆವರು ಅಂದರೆ ಮೇ ತಿಂಗಳಲ್ಲಿ ಫ್ಯಾನ್ ನಿಂತಾಗ ಬರುವ ಬೆವರಲ್ಲ, ಎದ್ದು ಅಂಗಿ, ಹಾಸಿಗೆಯ ಚಾದರ ಬದಲಿಸಬೇಕಾದಷ್ಟು. ಇನ್ನು ಗ್ರಾನುಲೋಮಾ, ಅಂದರೆ ಉರಿಯೂತದ ಕೋಶಗಳ ಸಣ್ಣ ಗುಂಪು, ಕಂಡ ಮಾತ್ರಕ್ಕೆ ಟಿಬಿ ಖಾತ್ರಿ ಆಗುವುದಿಲ್ಲ. ಲಿಂಫೋಮಾದ ಒಂದು ಬಗೆಯಾದ ಹಾಡ್ಜ್‌ಕಿನ್ ಲಿಂಫೋಮಾದ ಗಂಟಿನಲ್ಲೂ ಗ್ರಾನುಲೋಮಾ ಇರಬಹುದು. ಆ ರೋಗದಲ್ಲಿ ನಿಜವಾದ ಕ್ಯಾನ್ಸರ್ ಕೋಶಗಳು ನೂರಕ್ಕೆ ಒಂದೆರಡು ಇದ್ದರೆ ಹೆಚ್ಚು, ಉಳಿದದ್ದೆಲ್ಲ ಸುತ್ತ ಸೇರಿದ ಸಾಧಾರಣ ಕೋಶಗಳು. ಸೂಜಿಯಲ್ಲಿ ಬರುವ ನಾಲ್ಕು ಹನಿಯಲ್ಲಿ ಅವು ಸಿಕ್ಕರೆ ಸಿಕ್ಕವು. ಮನೆ ಹೇಗೆ ಕಟ್ಟಿದ್ದಾರೆ ಅಂತ ತಿಳಿಯಲು ಒಂದು ಇಟ್ಟಿಗೆ ಚೂರು ಸಾಕಾಗುತ್ತಾ? ಗಂಟು ಪೂರ್ತಿ ಬೇಕು.

ಕತ್ತಿಯ ಮಾತು. ಲಿಂಫೋಮಾ ಮೊದಲಿಂದಲೂ ರಕ್ತ, ದುಗ್ಧನಾಳಗಳಲ್ಲಿ ಓಡಾಡುವ ಕೋಶಗಳ ರೋಗ. ಅದಕ್ಕೇ ಇಡೀ ದೇಹಕ್ಕೆ ಮುಟ್ಟುವ ಔಷಧಿ ಕೊಡುತ್ತೇವೆ. ಕತ್ತಿ ಬರುವುದು ಸ್ಯಾಂಪಲ್‌ಗಾಗಿ ಮಾತ್ರ. ಮೇಲ್ಮೈಯ ಗಂಟಾದರೆ ಸಾಮಾನ್ಯವಾಗಿ ಆ ಜಾಗಕ್ಕಷ್ಟೇ ಮರಗಟ್ಟುವ ಇಂಜೆಕ್ಷನ್, ಕೆಲವು ಹೊಲಿಗೆ, ಅಷ್ಟೇ. ಬಯಾಪ್ಸಿಯಿಂದ ಹಬ್ಬಿತು ಅನ್ನುವವರು ನೋಡಿದ್ದು, ಬಯಾಪ್ಸಿ ಆದ ಮೇಲೂ ಚಿಕಿತ್ಸೆ ತೆಗೆದುಕೊಳ್ಳದೆ ಮನೆಯಲ್ಲಿ ಕುಳಿತವರನ್ನು.

ಸರ್ಜನ್ ಹತ್ತಿರ ಹೋದಾಗ ಕೇಳಲು ನಾಚಬೇಡಿ. ಎರಡು ಬಾಟಲಿ ಬೇಕು. ಗಂಟಿನ ದೊಡ್ಡ ಭಾಗ ಫಾರ್ಮಲಿನ್‌ನಲ್ಲಿ (ಕೊಳೆಯದಂತೆ ಇಡುವ ದ್ರವ), ಒಂದು ಚೂರು ಬರೀ ಸಲೈನ್‌ನಲ್ಲಿ. ಸಲೈನ್ ಚೂರು ಟಿಬಿಯ ಸಿಬಿನಾಟ್ (ಕ್ರಿಮಿಯ ಜೀನ್ ಹುಡುಕುವ ಪರೀಕ್ಷೆ) ಮತ್ತು ಕಲ್ಚರ್‌ಗೆ (ಕ್ರಿಮಿಯನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು). ಇಡೀ ಗಂಟನ್ನು ಫಾರ್ಮಲಿನ್‌ಗೆ ಹಾಕಿಬಿಟ್ಟರೆ ಟಿಬಿ ಕ್ರಿಮಿ ಸತ್ತು ಕಲ್ಚರ್ ಆಗುವುದೇ ಇಲ್ಲ, ಮತ್ತೆ ಅದೇ ಅನುಮಾನ, ಮತ್ತೆ ಅದೇ ತಿರುಗಾಟ. ಬಾಟಲಿಯ ಮೇಲೆ ಹೆಸರು ಬರೆದಿದೆಯಾ ಅಂತ ನೀವೇ ನೋಡಿ. ಬೇರೆ ಕಡೆ ಗಂಟು ಇದ್ದರೆ ತೊಡೆಸಂದಿಯದು ಬೇಡ. ಬರಿಗಾಲಲ್ಲಿ ಹೊಲದಲ್ಲಿ ಓಡಾಡುವವರಿಗೆ ಕಾಲಿನ ಗಾಯಕ್ಕೇ ಅಲ್ಲಿ ಗಂಟು ಬಂದಿರುತ್ತದೆ.

ರಿಪೋರ್ಟ್‌ನಲ್ಲಿ ‘ಲಿಂಫೋಮಾ, ಐಎಚ್‌ಸಿ ಮಾಡಿಸಿ’ ಅಂತ ಬಂದರೆ ಅಲ್ಲಿಗೇ ನಿಲ್ಲಬೇಡಿ. ಐಎಚ್‌ಸಿ ಅಂದರೆ ಬಣ್ಣ ಹಾಕಿ ಕೋಶದ ಬಗೆ ಗುರುತಿಸುವ ಪರೀಕ್ಷೆ. ಲಿಂಫೋಮಾದಲ್ಲಿ ಹತ್ತಾರು ಬಗೆ ಇವೆ, ಔಷಧಿಯೂ ಬೇರೆ ಬೇರೆ. ಮೈಮೇಲೆ ಸಿಡಿ20 ಅನ್ನುವ ಗುರುತು ಇರುವ ಬಿ-ಕೋಶದ (ಒಂದು ಬಗೆಯ ಬಿಳಿ ರಕ್ತಕಣ) ಲಿಂಫೋಮಾಕ್ಕೆ ರಿಟುಕ್ಸಿಮ್ಯಾಬ್ ಅನ್ನುವ ಔಷಧಿ ಬೇಕು, ಸಾಮಾನ್ಯ ಹಾಡ್ಜ್‌ಕಿನ್‌ಗೆ ಬೇರೆಯದೇ ಔಷಧಿಗಳು. ಲ್ಯಾಬಿನಲ್ಲಿ ನಿಮ್ಮ ಗಂಟಿನ ಮೇಣದ ಬ್ಲಾಕ್ ಇರುತ್ತದೆ. ಹುಬ್ಬಳ್ಳಿಗೋ ಬೆಂಗಳೂರಿಗೋ ಹೋಗುವಾಗ ಬ್ಲಾಕ್, ಸ್ಲೈಡ್ ಎರಡನ್ನೂ ಕೇಳಿ ತೆಗೆದುಕೊಂಡು ಬನ್ನಿ. ಬರೀ ರಿಪೋರ್ಟಿನ ಫೋಟೋ ಮೊಬೈಲ್‌ನಲ್ಲಿ ತೋರಿಸಿದರೆ ನಾವು ಏನು ಮಾಡೋದು?

ಈಗ ನನಗೆ ನಿಜವಾಗಿ ತಲೆ ಕೆಡಿಸುವ ವಿಷಯ. ಬಯಾಪ್ಸಿಗೆ ಮೊದಲು ಸ್ಟೀರಾಯ್ಡ್ ಬೇಡ. ಪ್ರೆಡ್ನಿಸೋಲೋನ್, ಡೆಕ್ಸಾ, ಯಾವುದೂ ಬೇಡ. ಲಿಂಫೋಮಾದ ಗಂಟು ಸ್ಟೀರಾಯ್ಡ್‌ಗೆ ಕೆಲವೇ ದಿನಗಳಲ್ಲಿ ಇಳಿದುಬಿಡುತ್ತದೆ, ಮನೆಯವರು ಖುಷಿಯಾಗಿ ದೇವರಿಗೆ ಕಾಯಿ ಒಡೆಸಿ ಬರುತ್ತಾರೆ, ಆಮೇಲೆ ಅದು ತಿರುಗಿ ಬರುತ್ತದೆ, ಆಗ ಗಂಟು ತೆಗೆದರೂ ಸತ್ತ ಕೋಶಗಳ ರಾಶಿಯಲ್ಲಿ ಪೆಥಾಲಜಿಯವರಿಗೆ ಏನೂ ಓದಲಾಗುವುದಿಲ್ಲ. ‘ಮೂರು ದಿನದಲ್ಲಿ ಗಂಟು ಕರಗಿಸುತ್ತೇನೆ’ ಅನ್ನುವವನ ಪುಡಿಯ ಪೊಟ್ಟಣ ಕಂಡಾಗೆಲ್ಲ ಅದರಲ್ಲಿ ಸ್ಟೀರಾಯ್ಡ್ ಇದೆಯೇನೋ ಅಂತ ನನಗೆ ಅನುಮಾನ. ತಿಂದಿದ್ದರೆ ಮುಚ್ಚಿಡಬೇಡಿ, ಪೊಟ್ಟಣ ತನ್ನಿ. ಗಂಟಿನ ಮೇಲೆ ಬರೆ ಹಾಕಿಸಿಕೊಂಡು ಬರುವವರ ಬಗ್ಗೆ ನಾನು ಇಲ್ಲಿ ಬರೆದರೆ ಸಂಪಾದಕರು ಅಚ್ಚು ಹಾಕುವುದಿಲ್ಲ.

ಇನ್ನೊಂದು. ಟಿಬಿ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ನಿಜವಾದ ಟಿಬಿಯಲ್ಲೂ ಔಷಧಿ ನಡೆಯುವಾಗ ಗಂಟು ಕೆಲವು ಸಲ ದೊಡ್ಡದಾಗುತ್ತದೆ, ಹೊಸದೂ ಏಳುತ್ತದೆ. ಎರಡೂ ರೋಗ ಒಟ್ಟಿಗೆ ಇರುವುದೂ ಉಂಟು. ರಿಪೋರ್ಟ್ ಬರಲಿ, ಡಾಕ್ಟರು ಹೇಳಲಿ.

ಪ್ರಶ್ನೆ: ಲಕ್ಷ್ಮಣಫಲದ ಎಲೆ ಕಷಾಯದಿಂದ ವಾಸಿಯಾಗುತ್ತಂತೆ, ಹೌದಾ? (ಗದಗ)

ಉತ್ತರ: ಇಲ್ಲ.

ಪ್ರಶ್ನೆ: ಒಂದೇ ಗಂಗಾಳದಲ್ಲಿ ಉಂಡರೆ ಮಕ್ಕಳಿಗೆ ಹತ್ತುತ್ತದೆಯೇ? (ಹಳೇ ಹುಬ್ಬಳ್ಳಿ)

ಉತ್ತರ: ಹತ್ತುವುದಿಲ್ಲ. ಅಜ್ಜನ ಗಂಗಾಳ ಬೇರೆ ಇಟ್ಟಿದ್ದರೆ ಇವತ್ತೇ ತೆಗೆಯಿರಿ.

ಪ್ರಶ್ನೆ: ತಂಗಿಗೆ ಹಾಡ್ಜ್‌ಕಿನ್, ನಾಲ್ಕನೇ ಸ್ಟೇಜ್. ಹೊಲ ಮಾರಿ ಖರ್ಚು ಮಾಡಿದರೆ ಉಪಯೋಗ ಇದೆಯಾ? (ಶಿರಹಟ್ಟಿ)

ಉತ್ತರ: ಗುಟ್ಕಾದಿಂದ ಬರುವ ಬಾಯಿ ಕ್ಯಾನ್ಸರ್‌ನ ಲೆಕ್ಕವನ್ನು ಇದಕ್ಕೆ ಹಾಕಬೇಡಿ. ಹಾಡ್ಜ್‌ಕಿನ್‌ನಲ್ಲಿ ನಾಲ್ಕನೇ ಸ್ಟೇಜ್‌ನಲ್ಲಿ ಬಂದವರೂ ಬಹಳಷ್ಟು ಜನ ಪೂರ್ತಿ ಗುಣವಾಗುತ್ತಾರೆ. ಹೊಲ ಮಾರುವ ಮೊದಲು ಬಿಪಿಎಲ್ ಕಾರ್ಡ್ ಹಿಡಿದು ಹುಬ್ಬಳ್ಳಿಯ ಕಿಮ್ಸ್‌ನಲ್ಲೋ (ಈಗಿನ ಹೆಸರು ಕೆಎಂಸಿಆರ್‌ಐ) ನವನಗರದ ಕ್ಯಾನ್ಸರ್ ಆಸ್ಪತ್ರೆಯಲ್ಲೋ ಸರ್ಕಾರದ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯ ಬಗ್ಗೆ ವಿಚಾರಿಸಿ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವು ಇದೆ.

ಪ್ರಶ್ನೆ: ಕೀಮೋ ಆಗಿ ಹತ್ತು ದಿನ. ಮೈ ಬಿಸಿ ಇದೆ, ಜ್ವರದ ಮಾತ್ರೆ ಕೊಟ್ಟು ಮಲಗಿಸಿದ್ದೇವೆ. ಮುಂದಿನ ತಾರೀಕಿನವರೆಗೆ ಕಾಯಬಹುದೇ? (ನರಗುಂದ)

ಉತ್ತರ: ಇದನ್ನು ಪತ್ರಿಕೆಗೆ ಬರೆದು ಕೇಳುತ್ತೀರಲ್ಲ! ಕೂಡಲೇ ಆಸ್ಪತ್ರೆಗೆ ಹೋಗಿ ಅಂತ ಅವರಿಗೆ ಅವತ್ತೇ ಫೋನ್ ಮಾಡಿಸಿದ್ದೇನೆ. ಉಳಿದವರಿಗಾಗಿ ಇಲ್ಲಿ ಬರೆಯುತ್ತೇನೆ. ಕೀಮೋ ಆಗಿ ಒಂದೆರಡು ವಾರದ ಹೊತ್ತಿಗೆ ಬಿಳಿ ರಕ್ತಕಣ ತೀರ ಇಳಿದಿರುತ್ತವೆ. ಆಗ ಜ್ವರ 100.4 ಮುಟ್ಟಿದರೆ ರಾತ್ರಿ ಎರಡು ಗಂಟೆಯಾದರೂ ಹೊರಡಬೇಕು. ಹುಬ್ಬಳ್ಳಿ ದೂರ ಅನಿಸಿದರೆ ಹತ್ತಿರದ ದೊಡ್ಡ ದವಾಖಾನೆಗೆ ಹೋಗಿ, ಚೀಟಿ ಮಾಡಿಸುವಾಗಲೇ ‘ಕೀಮೋ ಪೇಷಂಟ್’ ಅಂತ ಜೋರಾಗಿ ಹೇಳಿ, ಡಿಸ್ಚಾರ್ಜ್ ಕಾರ್ಡ್ ತೋರಿಸಿ. ರಕ್ತ ಪರೀಕ್ಷೆಗೆ ತೆಗೆದ ಕೂಡಲೇ ಆ್ಯಂಟಿಬಯೋಟಿಕ್ ಇಂಜೆಕ್ಷನ್ ಶುರುವಾಗಬೇಕು, ತಾಸುಗಟ್ಟಲೆ ಬೆಂಚಿನ ಮೇಲೆ ಕೂರುವ ಹೊತ್ತಲ್ಲ ಅದು. ಮನೆಯಲ್ಲಿ ಥರ್ಮಾಮೀಟರ್ ಇಲ್ಲದಿದ್ದರೆ ಇವತ್ತೇ ಒಂದು ತನ್ನಿ, ಹಣೆಗೆ ಕೈ ಇಟ್ಟು ನೋಡಿ ನನಗೆ ಜ್ವರ ಹೇಳಬೇಡಿ.