ಅತ್ತೆಯ ಮಂಡಿ, ನಾಯಿಯ ಸೊಂಟ

(ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

"ಮೇಡಂ, ಒಂದು ನಾಯಿ ವಿಚಾರಕ್ಕೆ ಮನೆ ಎರಡು ಪಾಲಾಗಿದೆ." ಸಲಹೆ ಕೇಳಲು ನನಗೆ ಫೋನ್ ಮಾಡಿದ ಕವಿತಾ ಹೇಳಿದ ಮೊದಲ ಮಾತು ಇದು. ಅವರಿಗೆ 36 ವರ್ಷ, ಬ್ಯಾಂಕಿನಲ್ಲಿ ಕೆಲಸ. ಬೆಂಗಳೂರಿನಲ್ಲಿ ಲಿಫ್ಟ್ ಇಲ್ಲದ ಕಟ್ಟಡದ ಎರಡನೇ ಮಹಡಿಯಲ್ಲಿ ಮನೆ. ಜೊತೆಗೆ ಗಂಡ ಮತ್ತು 68 ವರ್ಷದ ಅತ್ತೆ. ಗಂಡ ತಿಂಗಳಲ್ಲಿ ಹತ್ತು ದಿನ ಟೂರ್‌ನಲ್ಲಿರುತ್ತಾರೆ.

ನಾಯಿ ಐದು ವರ್ಷದ ಲ್ಯಾಬ್ರಡಾರ್. ಯಾರೋ ರಸ್ತೆ ಬದಿಯಲ್ಲಿ ಬಿಟ್ಟು ಹೋಗಿದ್ದರು. ರಕ್ಷಣೆ ಮಾಡಿದವರು ಎಕ್ಸ್‌ರೇ ತೆಗೆಸಿದಾಗ ಎರಡೂ ಕಡೆ ಹಿಪ್ ಡಿಸ್‌ಪ್ಲೇಸಿಯಾ, ಅಂದರೆ ಸೊಂಟದ ಕೀಲು ಸರಿಯಾಗಿ ಕೂರದ ತೊಂದರೆ, ಇರುವುದು ಗೊತ್ತಾಯಿತು. ಸಾಕಿದ ಪ್ರಾಣಿಯನ್ನು ಹೀಗೆ ಬೀದಿಪಾಲು ಮಾಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಕುಂಟತೊಡಗಿತು ಅಂತ ಬಿಟ್ಟು ಹೋಗುವವರನ್ನು ನೆನೆದರೆ ನನಗೆ ಹೊಟ್ಟೆ ಉರಿಯುತ್ತದೆ.

ಕವಿತಾಗೆ ಅದನ್ನು ದತ್ತು ತೆಗೆದುಕೊಳ್ಳುವ ಆಸೆ. ಅತ್ತೆ ಬೇಡವೇ ಬೇಡ ಅಂದಿದ್ದರು. ಗಂಡ ಇಬ್ಬರ ಮುಂದೆಯೂ ಸುಮ್ಮನಿದ್ದರು.

ಮೊದಲ ಭೇಟಿಯಲ್ಲಿ ಕವಿತಾ ಪೂರ್ತಿ ನಾಯಿಯ ಬಗ್ಗೆಯೇ ಮಾತಾಡಿದರು. ಯಾವ ಫಿಸಿಯೋಥೆರಪಿ, ಎಂಥ ಹಾಸಿಗೆ, ಎಲ್ಲ ಓದಿಕೊಂಡು ಬಂದಿದ್ದರು. ಅತ್ತೆ ನಿಜವಾಗಿ ಏನಂದರು, ಅವರ ಮಾತಿನಲ್ಲೇ ಹೇಳಿ ಅಂದೆ. "ನನ್ನ ಮಂಡಿಗೆ ಇಲ್ಲದ ಉಪಚಾರ ಆ ನಾಯಿ ಸೊಂಟಕ್ಕಾ?" ಅಂದರಂತೆ. ಕವಿತಾ ಅದನ್ನು ಹೊಟ್ಟೆಕಿಚ್ಚು ಅಂದುಕೊಂಡಿದ್ದರು. ನನಗೆ ಹಾಗೆ ಕೇಳಿಸಲಿಲ್ಲ. ಮುಂದಿನ ಸಲ ಅವರನ್ನೂ ಕರೆದುಕೊಂಡು ಬನ್ನಿ ಅಂದೆ.

ಅತ್ತೆ ಬಂದರು. ಕುರ್ಚಿಯ ಕೈ ಹಿಡಿದು, ಒಂದು ಕ್ಷಣ ನಿಂತು, ಉಸಿರು ಬಿಗಿಹಿಡಿದು ಕೂತರು. ಮಂಡಿ ನೋವು ಶುರುವಾಗಿ ಮೂರು ವರ್ಷವಾಗಿತ್ತು. ಮೆಟ್ಟಿಲಿಳಿಯುವ ಹೆದರಿಕೆಗೆ ದೇವಸ್ಥಾನಕ್ಕೆ ಹೋಗುವುದನ್ನೂ ಬಿಟ್ಟಿದ್ದರು. "ವಯಸ್ಸಾಯ್ತಲ್ಲ ಅಂತ ಎಲ್ಲರೂ ಸುಮ್ಮನಾದರು. ನಾನೂ ಸುಮ್ಮನಾದೆ." ಹೀಗೆ ಹೇಳುವಾಗ ಅವರು ಸೊಸೆಯ ಮುಖ ನೋಡಲಿಲ್ಲ. ನಾಯಿ ಕಾಲಿಗೆ ಅಡ್ಡ ಬಂದು ಎಲ್ಲಿ ಬೀಳುತ್ತೇನೋ ಅನ್ನುವ ಭಯವೂ ಇತ್ತು.

ಆಮೇಲೆ ಅವರೇ ಕೇಳಿದರು, "ಅದಕ್ಕೆ ಆಗಿರುವುದಾದರೂ ಏನು?" ಒರಳು ಕಲ್ಲಿನ ಉದಾಹರಣೆ ಕೊಟ್ಟೆ. ಒರಳಿನ ಗುಂಡಿ ಆಳ ಇಲ್ಲದಿದ್ದರೆ ಗುಂಡು ಕೂರದೆ ಜಾರಾಡುತ್ತದೆ ಅಲ್ವಾ? ಆ ನಾಯಿಯ ತೊಡೆ ಮೂಳೆಯ ತುದಿ ಸೊಂಟದ ಬಟ್ಟಲಲ್ಲಿ ಹಾಗೇ ಜಾರಾಡುತ್ತದೆ. ಉಜ್ಜಿ ಉಜ್ಜಿ ಕೀಲು ಸವೆದು ಸಂಧಿವಾತ ಬರುತ್ತದೆ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಹಾಗಾದರೆ ಅದಕ್ಕೂ ಬೆಳಿಗ್ಗೆ ಏಳುವಾಗಲೇ ಜಾಸ್ತಿ ನೋವಾ?" ಅಂದರು. ಹೌದು ಅಂದೆ. ಅಷ್ಟರಲ್ಲಿ ಕವಿತಾ ಅಳುತ್ತಿದ್ದರು.

ನಾನು ಕೊಟ್ಟ ಮೊದಲ ಸಲಹೆ ನಾಯಿಯದ್ದಲ್ಲ. ಈ ವಾರವೇ ಅತ್ತೆಯನ್ನು ಮೂಳೆ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಗಂಡನೂ ಜೊತೆಗಿರಲಿ ಅಂದೆ.

ಎರಡನೆಯದು, ಈಗಲೇ ದತ್ತು ಬೇಡ. ಎಂಟು ವಾರ ಫಾಸ್ಟರ್ ಆಗಿ, ಅಂದರೆ ತಾತ್ಕಾಲಿಕವಾಗಿ, ಇಟ್ಟುಕೊಳ್ಳಿ. ವಾಪಸ್ ಕೊಡುವ ದಿನವನ್ನು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ. ಔಷಧಿ ಖರ್ಚು ಯಾರದು ಅನ್ನುವುದನ್ನು ರಕ್ಷಣೆಯವರ ಹತ್ತಿರ ಬರೆಸಿಕೊಳ್ಳಿ. ಮೊದಲೇ ಇರುವ ಕಾಯಿಲೆಗೆ ವಿಮೆ ಸಾಮಾನ್ಯವಾಗಿ ಸಿಗುವುದಿಲ್ಲ. ಇದು ಆಯಸ್ಸಿಡೀ ಇರುವ ಖರ್ಚು.

ಒಂದು ಪ್ರಶ್ನೆಗೆ ಮಾತ್ರ ಕವಿತಾ ಹತ್ತಿರ ಉತ್ತರ ಇರಲಿಲ್ಲ. ಗಂಡ ಊರಲ್ಲಿಲ್ಲದ ದಿನ 34 ಕಿಲೋ ನಾಯಿಯನ್ನು ಎರಡು ಮಹಡಿ ಇಳಿಸಿ ಹತ್ತಿಸುವವರು ಯಾರು? ಹೊಟ್ಟೆಯ ಕೆಳಗೆ ಟವೆಲ್ ಹಾಕಿ ಹಿಂಭಾಗ ಎತ್ತಿ ಹಿಡಿಯಬಹುದು. ಆದರೆ ದಿನಕ್ಕೆ ಮೂರು ಸಲ? ಇದಕ್ಕೆ ಉತ್ತರ ಹುಡುಕುವುದಕ್ಕೇ ಎಂಟು ವಾರ ಅಂದೆ.

ತೂಕದ ವಿಚಾರದಲ್ಲಿ ಗಟ್ಟಿಯಾಗಿಯೇ ಹೇಳಿದೆ. ಅಮೆರಿಕದಲ್ಲಿ 48 ಲ್ಯಾಬ್ರಡಾರ್‌ಗಳನ್ನು ಮರಿಯಿಂದ ಸಾಯುವವರೆಗೂ ಗಮನಿಸಿದ ಅಧ್ಯಯನವೊಂದಿದೆ. 2002ರಲ್ಲಿ ಪ್ರಕಟವಾಯಿತು. ಶೇ. 25ರಷ್ಟು ಕಡಿಮೆ ಊಟ ತಿಂದ ನಾಯಿಗಳು ಸುಮಾರು ಎರಡು ವರ್ಷ ಹೆಚ್ಚು ಬದುಕಿದವು, ಕೀಲು ನೋವೂ ತಡವಾಗಿ ಬಂತು. ಪಾಪ ಅಂತ ಬಿಸ್ಕತ್ತು ಹಾಕಿದರೆ ಆ ಭಾರ ಅದರ ಸೊಂಟದ ಮೇಲೇ ಬೀಳುತ್ತದೆ. ಎಷ್ಟು, ಹೇಗೆ ಕಡಿಮೆ ಮಾಡುವುದು ಅಂತ ಪಶುವೈದ್ಯರನ್ನು ಕೇಳಿ ಅಂದೆ.

ನಾಯಿ ಬಂತು. ಮೊದಲ ದಿನ ಹಾಲ್‌ನ ಟೈಲ್ಸ್ ಮೇಲೆ ಏಳಲು ನೋಡಿತಂತೆ. ಮುಂಗಾಲು ಊರಿತು, ಹಿಂಗಾಲು ಎರಡೂ ಪಕ್ಕಕ್ಕೆ ಜಾರಿ ಹೋದವು. ಮತ್ತೆ ಊರಿತು, ಮತ್ತೆ ಜಾರಿತು. ನೋಡುತ್ತಿದ್ದ ಅತ್ತೆ ತಮ್ಮ ಕೋಣೆಯ ತೆಂಗಿನನಾರಿನ ಚಾಪೆ ತಂದು ಅದರ ಮುಂದೆ ಹಾಸಿದರು. ಮಾರನೇ ದಿನ ಗಂಡ ಅಡಿಯಲ್ಲಿ ರಬ್ಬರ್ ಇರುವ ಮ್ಯಾಟ್‌ಗಳನ್ನು ಬಾಗಿಲಿನಿಂದ ಅಡುಗೆಮನೆವರೆಗೆ ಸಾಲಾಗಿ ಹಾಸಿದರು. ಅತ್ತೆ ಕೇಳಿದ್ದಕ್ಕೆ ಬಚ್ಚಲಿನವರೆಗೂ ಹಾಸಿದರು.

ಮೂರನೇ ವಾರ ಒಂದು ರಾತ್ರಿ ನಾಯಿ ನರಳುತ್ತಿತ್ತು. ಅತ್ತೆ ತಮ್ಮದೇ ನೋವಿನ ಮಾತ್ರೆ ಕೈಯಲ್ಲಿ ಹಿಡಿದು ಸೊಸೆಯನ್ನು ಎಬ್ಬಿಸಿದರು. "ಅರ್ಧ ಕೊಡಲಾ?" ಕವಿತಾ ತಡೆದದ್ದು ಒಳ್ಳೆಯದಾಯಿತು. ಐಬುಪ್ರೊಫೆನ್, ಡೈಕ್ಲೊಫೆನಾಕ್ ತರಹದ ನಮ್ಮ ಮಾತ್ರೆಗಳಿಂದ ನಾಯಿಗೆ ಹೊಟ್ಟೆಯಲ್ಲಿ ಹುಣ್ಣಾಗಬಹುದು, ಮೂತ್ರಪಿಂಡವೇ ಕೆಡಬಹುದು. ಪಶುವೈದ್ಯರು ಬರೆದುಕೊಟ್ಟದ್ದನ್ನಷ್ಟೇ ಕೊಡಬೇಕು. ಬೆಳಿಗ್ಗೆ ವೈದ್ಯರು ಮಾತ್ರೆಯ ಪ್ರಮಾಣ ಬದಲಿಸಿದರು.

ಎಂಟು ವಾರದಲ್ಲಿ ನಾಯಿ 31 ಕಿಲೋಗೆ ಇಳಿಯಿತು. ಆದರೂ ಮೆಟ್ಟಿಲು ಅದಕ್ಕೆ ಆಗದು ಅಂತ ವೈದ್ಯರು ಹೇಳಿದರು. ಅಂಗಳ ಇರುವ ನೆಲಮಹಡಿಯ ಮನೆಯವರೊಬ್ಬರು ದತ್ತು ತೆಗೆದುಕೊಂಡರು. "ನಾನೂ ಕೈಬಿಟ್ಟ ಹಾಗಾಯ್ತಲ್ಲ ಮೇಡಂ?" ಅಂತ ಕವಿತಾ ಕೇಳಿದರು. ಹೊಸ ಮನೆಯವರಿಗೆ ಏನು ಕೊಟ್ಟು ಕಳಿಸಿದಿರಿ ಅಂತ ಕೇಳಿದೆ. ಊಟದ ಅಳತೆ ಲೋಟ, ಮಾತ್ರೆಯ ಸಮಯ ಬರೆದ ಹಾಳೆ, ಅದು ಮಲಗುತ್ತಿದ್ದ ಹಾಸಿಗೆ. ಆ ಪಟ್ಟಿಯನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿ ಅಂದೆ. ಹೇಳಿದರು.

ಕೊನೆಯ ಭೇಟಿಗೆ ಮೂವರೂ ಬಂದಿದ್ದರು. "ನಾಯಿಗೆ ಮೆಟ್ಟಿಲು ಬೇಡ ಅಂದರು. ನನಗೆ?" ಅಂತ ಅತ್ತೆ ಮಗನನ್ನು ಕೇಳಿದರಂತೆ. ಈಗ ಅವರು ನೆಲಮಹಡಿಯ ಬಾಡಿಗೆ ಮನೆ ಹುಡುಕುತ್ತಿದ್ದಾರೆ. ಬಚ್ಚಲಿನವರೆಗಿನ ಮ್ಯಾಟ್‌ಗಳನ್ನು ಇನ್ನೂ ತೆಗೆದಿಲ್ಲ.