ಮನೆಯಡಿಯ ಮಣ್ಣಿನ ತೇವ: ಹಾಳೆ ಹಾಸುವ ಮೊದಲು ಏನು ನೋಡಬೇಕು?

ಪ್ರಶ್ನೆ: ನಮ್ಮದು ಗಿಡ್ಡ ಗೋಡೆ ಮತ್ತು ಕಂಬಗಳ ಮೇಲೆ ಕಟ್ಟಿದ ಮನೆ. ನೆಲಕ್ಕೆ ಮರದ ಹಲಗೆ. ಅಡಿಯಲ್ಲಿ ತೆವಳಿಕೊಂಡು ಹೋಗುವಷ್ಟು ಜಾಗ ಇದೆ, ಕೆಳಗೆ ಬರೀ ಮಣ್ಣು. ಮಳೆ ಶುರುವಾದರೆ ಮನೆಯೆಲ್ಲ ಮುಗ್ಗಲು ವಾಸನೆ. ಅಡುಗೆಮನೆಯಲ್ಲಿ ಒಂದು ಕಡೆ ಹಲಗೆ ಉಬ್ಬಿದೆ. ಕೆಳಗೆ ಪ್ಲಾಸ್ಟಿಕ್ ಹಾಳೆ ಹಾಸಿದರೆ ಸರಿಹೋಗುತ್ತದೆ ಅಂತ ಒಬ್ಬರು ಹೇಳಿದರು. ಹಾಳೆ ಹಾಕಿದರೆ ತೇವ ಒಳಗೇ ಉಳಿದು ಮರ ಕೊಳೆಯುತ್ತದೆ ಅಂತ ಇನ್ನೊಬ್ಬರು. ಯಾರ ಮಾತು ಕೇಳಲಿ ಸರ್?

ಉತ್ತರ: ಇಬ್ಬರೂ ಸುಳ್ಳು ಹೇಳಿಲ್ಲ. ಹಾಳೆಯನ್ನು ಎಲ್ಲಿ ಹಾಕುತ್ತೀರಿ ಅನ್ನೋದೇ ಮುಖ್ಯ. ಮಣ್ಣಿನ ಮೇಲೆ ಹಾಸಿದರೆ ಅದು ಮನೆಯನ್ನು ಕಾಯುತ್ತದೆ. ಅದೇ ಹಾಳೆಯನ್ನು ಮೇಲೆ, ಜಂತಿಗಳ ಅಡಿಗೆ ಮೊಳೆ ಹೊಡೆದು ಕೂರಿಸಿದರೆ ಮರ ಒಣಗಲು ದಾರಿಯೇ ಇರುವುದಿಲ್ಲ. ನಿಮಗೆ ಬೇಡ ಅಂದವರು ಅಂಥ ಮನೆ ನೋಡಿರಬಹುದು.

ಆದರೆ ಹಾಳೆ ತರಲು ಇವತ್ತೇ ಅಂಗಡಿಗೆ ಹೋಗಬೇಡಿ. ಹಾಳೆ ತಡೆಯುವುದು ಮಣ್ಣಿನಿಂದ ಏಳುವ ಆವಿಯನ್ನು ಮಾತ್ರ. ಹರಿದು ಬರುವ ನೀರನ್ನು ಅದು ತಡೆಯುವುದಿಲ್ಲ. ನೀರು ಎಲ್ಲಿಂದ ಬರುತ್ತಿದೆ ಅಂತ ಪತ್ತೆ ಮಾಡದೆ ಹಾಸಿದರೆ ತೊಂದರೆ ಕಣ್ಣಿಗೆ ಕಾಣದಂತೆ ಆಗುತ್ತದೆ, ಹೋಗುವುದಿಲ್ಲ.

ಮೊದಲು ಆ ಉಬ್ಬಿದ ಹಲಗೆ. ಮಣ್ಣಿನ ತೇವ ಮನೆಯಡಿಯ ಗಾಳಿಯಲ್ಲೆಲ್ಲ ಹರಡಿಕೊಳ್ಳುತ್ತದೆ. ಅದರಿಂದ ಹಲಗೆ ಕೆಡುವುದಾದರೆ ಹಲವು ಕಡೆ ಕೆಡಬೇಕು. ಒಂದೇ ಕಡೆ, ಅದೂ ಅಡುಗೆಮನೆಯಲ್ಲಿ ಉಬ್ಬಿದೆ ಅಂದರೆ ನನ್ನ ಅನುಮಾನ ಸಿಂಕಿನ ಪೈಪಿನ ಮೇಲೆ. ಮೇಲೆ ಸಿಂಕ್ ತುಂಬಿಸಿ ಒಮ್ಮೆಲೇ ನೀರು ಬಿಡಲು ಮನೆಯವರಿಗೆ ಹೇಳಿ, ನೀವು ಕೆಳಗೆ ಟಾರ್ಚ್ ಹಿಡಿದು ಪೈಪಿನ ಜಾಯಿಂಟ್ ನೋಡಿ. ಸಣ್ಣ ಸೋರಿಕೆ ಸುಮ್ನೆ ತೊಟ್ಟಿಕ್ಕದೆ ಪೈಪಿನ ಮೈಮೇಲೇ ಹರಿದು ಜಂತಿಗೆ ಇಳಿಯುತ್ತಿರಬಹುದು. ಹಾಗಾಗಿ ಕೈಯಿಂದ ಮುಟ್ಟಿ ನೋಡಿ. ಮರ ಅಲ್ಲಿ ಕಪ್ಪಾಗಿದ್ದರೆ ಸ್ಕ್ರೂಡ್ರೈವರ್ ತುದಿಯಿಂದ ಒತ್ತಿ. ಗಟ್ಟಿ ಮರ ತಡೆಯುತ್ತದೆ. ಕೊಳೆತ ಮರದಲ್ಲಿ ತುದಿ ಸಲೀಸಾಗಿ ಇಳಿಯುತ್ತದೆ. ಇಳಿದರೆ ಮೊದಲು ಬಡಗಿಯನ್ನು ಕರೆಸಿ, ಹಾಳೆ ವಿಚಾರ ಆಮೇಲೆ.

ಇನ್ನು ಮುಗ್ಗಲು ವಾಸನೆ. ಮನೆಯಡಿಯ ಮಣ್ಣು ನೋಡೋಕೆ ಒಣಗಿದಂತೆ ಇರಬಹುದು, ಮೇಲೆ ಧೂಳು ಕೂಡ ಇರಬಹುದು. ಆದರೂ ಆಳದ ತೇವ ಮೇಲಕ್ಕೆ ಬಂದು ಆವಿಯಾಗುತ್ತಲೇ ಇರುತ್ತದೆ. ಮನೆಯೊಳಗಿನ ಬೆಚ್ಚಗಿನ ಗಾಳಿ ಮೇಲಕ್ಕೇರಿ ಮಾಡಿನ ಸಂದಿಗಳಿಂದ ಹೊರಗೆ ಹೋದಾಗ, ಅದರ ಜಾಗಕ್ಕೆ ಅಡಿಯ ಗಾಳಿ ಹಲಗೆಯ ಸಂದಿ, ಪೈಪು ಹಾದುಹೋದ ತೂತುಗಳಿಂದ ಒಳಗೆ ಬರುತ್ತದೆ. ಅಂದರೆ ನೀವು ಉಸಿರಾಡುವ ಗಾಳಿಯ ಒಂದು ಪಾಲು ಅಲ್ಲಿಂದಲೇ ಬಂದದ್ದು. ಅದಕ್ಕೇ ನಾನು ಇದನ್ನು ಬರೀ ಮರದ ಪ್ರಶ್ನೆ ಅಂತ ನೋಡುವುದಿಲ್ಲ. ಮನೆಯಲ್ಲಿ ಉಬ್ಬಸ ಇರುವವರಿದ್ದರೆ ಖಂಡಿತ ತಡಮಾಡಬೇಡಿ.

ಮರದ ತೇವ ಅಳೆಯುವ ಸಣ್ಣ ಮೀಟರ್ ಸಿಗುತ್ತದೆ. ಅದನ್ನು ಜಂತಿಗೆ ಚುಚ್ಚಿ ನೋಡಿ. ತೇವಾಂಶ ಶೇ. 20 ದಾಟಿದ್ದರೆ ಬೂಷ್ಟು ಬೆಳೆಯಲು ಅನುಕೂಲ. ಅದು ಶೇ. 28–30ರ ಹತ್ತಿರ ಹೋಗಿ ಹಾಗೇ ನಿಂತರೆ ಮರವನ್ನೇ ತಿಂದುಹಾಕುವ ಶಿಲೀಂಧ್ರ ಕೆಲಸ ಶುರುಮಾಡುತ್ತದೆ.

ತೇವ ಮಣ್ಣಿನಿಂದ ಬರುತ್ತಿದೆಯೋ ಹೊರಗಿನ ಗಾಳಿಯಿಂದಲೋ ತಿಳಿಯಲು ಸುಲಭದ ಪರೀಕ್ಷೆ ಇದೆ. ಎರಡಡಿ ಉದ್ದ, ಎರಡಡಿ ಅಗಲದ ಪ್ಲಾಸ್ಟಿಕ್ ತುಂಡನ್ನು ಮಣ್ಣಿನ ಮೇಲೆ ಹಾಸಿ, ಅಂಚಿಗೆಲ್ಲ ಮಣ್ಣು ಹೇರಿ ಗಾಳಿ ಆಡದಂತೆ ಮಾಡಿ. ಒಂದೆರಡು ದಿನ ಬಿಟ್ಟು ನೋಡಿ. ಹಾಳೆಯ ಅಡಿಭಾಗದಲ್ಲಿ ಹನಿ ಕಟ್ಟಿದ್ದರೆ ತೇವ ಮಣ್ಣಿನದು. ಮೇಲ್ಭಾಗ ಒದ್ದೆಯಾಗಿದ್ದರೆ ಹೊರಗಿನ ಗಾಳಿಯ ತೇವ ಅಲ್ಲಿ ತಣ್ಣಗಾಗಿ ನೀರಾಗಿದೆ. ಎರಡೂ ಕಡೆ ಒದ್ದೆ ಇರುವುದೂ ಉಂಟು.

ಆಮೇಲೆ ಮನೆಯ ಸುತ್ತ ಒಂದು ಸುತ್ತು ಬನ್ನಿ, ಜೋರು ಮಳೆ ಸುರಿಯುತ್ತಿರುವಾಗಲೇ ಬಂದರೆ ಒಳ್ಳೆಯದು. ಮಾಡಿನ ನೀರು ಇಳಿಯುವ ಪೈಪು ಗೋಡೆಯ ಬುಡಕ್ಕೇ ನೀರು ಸುರಿಯುತ್ತಿದೆಯಾ? ಅದನ್ನು ಐದಾರು ಅಡಿ ದೂರಕ್ಕೆ ಒಯ್ಯಿರಿ. ಗೋಡೆಯ ಸುತ್ತ ನೆಲ ಮನೆಯ ಕಡೆಗೆ ಇಳಿಜಾರಾಗಿದೆಯಾ? ಮಣ್ಣು ಹಾಕಿ ಹೊರಗೆ ಇಳಿಜಾರು ಮಾಡಿ. ಮೊದಲ ಹತ್ತು ಅಡಿಯಲ್ಲಿ ಆರು ಇಂಚಾದರೂ ತಗ್ಗಬೇಕು. ಗೋಡೆಗೆ ಒತ್ತಿಕೊಂಡೇ ಹೂಗಿಡದ ಪಾತಿ ಇದ್ದರೆ ದಿನಾ ನೀವು ಹಾಕುವ ನೀರೂ ಒಳಗೆ ಹೋಗುತ್ತಿರುತ್ತದೆ. ಬಟ್ಟೆ ಒಣಗಿಸುವ ಯಂತ್ರದ ಗಾಳಿಕೊಳವೆಯನ್ನು ಮನೆಯಡಿಗೇ ಬಿಟ್ಟಿದ್ದರೆ ಅದನ್ನು ಹೊರಗೆ ತಿರುಗಿಸಿ. ಎಷ್ಟೋ ಮನೆಗಳಲ್ಲಿ ಇಷ್ಟು ಮಾಡಿದರೇ ಅರ್ಧ ತೇವ ಕಡಿಮೆಯಾದಂತೆ ಕಾಣುತ್ತದೆ. ಇಷ್ಟಾದ ಮೇಲೂ ಮಳೆಗೆ ಒಳಗೆ ನೀರು ನಿಲ್ಲುತ್ತಿದ್ದರೆ ಕಾಲುವೆ ತೆಗೆದು, ತಗ್ಗಿನಲ್ಲಿ ಗುಂಡಿ ಮಾಡಿ ಪಂಪ್ ಇಡಬೇಕಾಗುತ್ತದೆ.

ಈಗ ಹಾಳೆ. ಪಾಲಿಥಿನ್ ಹಾಳೆ 150 ಮೈಕ್ರಾನ್‌ಗಿಂತ ತೆಳ್ಳಗಿರಬಾರದು. ಅಮೆರಿಕದಂಥ ಕಡೆ, ಇಂಥ ಮನೆಗಳು ಜಾಸ್ತಿ ಇರುವಲ್ಲಿ, ಇದನ್ನೇ 6 ಮಿಲ್ ಅನ್ನುತ್ತಾರೆ (ಮಿಲ್ ಅಂದರೆ ಇಂಚಿನ ಸಾವಿರದ ಒಂದು ಪಾಲು). ಆವಿ ತಡೆಯಲು ಅಷ್ಟು ಸಾಕು. ಆದರೆ ಅದರ ಮೇಲೆ ಮನುಷ್ಯರು ಮೊಣಕಾಲೂರಿ ಓಡಾಡಬೇಕಲ್ವಾ? ಪ್ಲಂಬರ್ ಬರುತ್ತಾರೆ, ವೈರಿಂಗ್ ನೋಡುವವರು ಬರುತ್ತಾರೆ. ಹರಿದ ಹಾಳೆಯಿಂದ ಹೆಚ್ಚು ಪ್ರಯೋಜನ ಇಲ್ಲ. ಆದ್ದರಿಂದ 250ರಿಂದ 500 ಮೈಕ್ರಾನ್‌ನ, ಒಳಗೆ ನೂಲಿನ ಜಾಲ ಇರುವ ಹಾಳೆಯನ್ನೇ ನಾನು ಹೇಳುತ್ತೇನೆ. ಬಿಳಿ ಬಣ್ಣದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಟಾರ್ಚ್ ಬೆಳಕು ಚೆನ್ನಾಗಿ ಹರಡುತ್ತದೆ, ಗೆದ್ದಲಿನ ಮಣ್ಣಾಗಲಿ ಹೊಸ ಸೋರಿಕೆಯಾಗಲಿ ತಕ್ಷಣ ಕಾಣುತ್ತದೆ.

ಹಾಸುವ ಮೊದಲು ಚೂಪು ಕಲ್ಲು, ಮೊಳೆ, ಕಟ್ಟುವಾಗ ಬಿಟ್ಟುಹೋದ ಮರದ ಚೂರು ಎಲ್ಲ ತೆಗೆಯಿರಿ. ಮರದ ಚೂರು ಬಿಟ್ಟರೆ ಗೆದ್ದಲಿಗೆ ನೀವೇ ಆಹ್ವಾನ ಕೊಟ್ಟಂತೆ. ಎರಡು ಹಾಳೆ ಸೇರುವಲ್ಲಿ ಒಂದರ ಮೇಲೊಂದು ಕನಿಷ್ಠ ಆರು ಇಂಚು ಬರಲಿ, ನಾನಾದರೆ ಒಂದಡಿ ಬಿಡುತ್ತೇನೆ. ಅಂಟಿಸುವ ಜಾಗವನ್ನು ಒಣ ಬಟ್ಟೆಯಿಂದ ಒರೆಸಿ. ಧೂಳಿನ ಮೇಲೆ ಯಾವ ಟೇಪೂ ನಿಲ್ಲುವುದಿಲ್ಲ. ಪೆಟ್ಟಿಗೆಗೆ ಸುತ್ತುವ ಕಂದು ಟೇಪ್ ಈ ತೇವಕ್ಕೆ ಬೇಗ ಬಿಟ್ಟುಕೊಳ್ಳುತ್ತದೆ. ಪಾಲಿಥಿನ್ ಹಾಳೆಗೆಂದೇ ಮಾಡಿದ ಟೇಪ್ ಬಳಸಿ.

ಕೆಲಸ ಕೆಡುವುದು ಕಂಬಗಳ ಹತ್ತಿರ. ಅಲ್ಲಿ ಹಾಳೆಯನ್ನು ಅಂಚಿನಿಂದ ಕಂಬದವರೆಗೆ ಸೀಳಿ, ಕಂಬದ ಎರಡೂ ಕಡೆಗೆ ಎಳೆದು, ಸೀಳಿದ ಕಡೆ ಮತ್ತೆ ಸೇರಿಸಿ ಟೇಪ್ ಹಾಕಬೇಕು. ಆಮೇಲೆ ಬೇರೆ ಪಟ್ಟಿಯೊಂದನ್ನು ಕಂಬಕ್ಕೆ ಆರಿಂಚು ಎತ್ತರ ಸುತ್ತಿ, ಕೆಳಗಿನ ಹಾಳೆಗೆ ಅಂಟಿಸಬೇಕು. ಕೂಲಿಗೆ ಕೊಟ್ಟರೆ ಹಣ ಕೊಡುವ ಮುನ್ನ ಪ್ರತಿ ಕಂಬದ ಬುಡಕ್ಕೂ ಟಾರ್ಚ್ ಬಿಟ್ಟು ನೋಡಿ. ಸುತ್ತಲಿನ ಗೋಡೆಗೂ ಆರಿಂಚಾದರೂ ಏರಿಸಿ, ಪಟ್ಟಿ ಇಟ್ಟು ಸ್ಕ್ರೂ ಬಿಗಿಯಿರಿ. ಗೋಡೆ ಪೂರ್ತಿ ಮುಚ್ಚುವುದಾದರೂ ಮರ ಶುರುವಾಗುವ ಜಾಗದ ಕೆಳಗೆ ಮೂರಿಂಚು ಗೋಡೆ ಬರಿದಾಗಿರಲಿ. ಗೆದ್ದಲು ಮೇಲೇರುವ ದಾರಿ ಕಾಣಬೇಕು.

ಕೆಳಗೆ ಇಳಿಯುವಾಗ ಮಾಸ್ಕ್, ಗ್ಲೌಸ್ ಬೇಕು. ವೈರ್ ಜೋತಾಡುತ್ತಿದ್ದರೆ ಮೇನ್ ಆಫ್ ಮಾಡಿ. ಒಬ್ಬರೇ ಇಳಿಯಬೇಡಿ.

ಪ್ರಶ್ನೆ: ಕಳೆದ ವರ್ಷ ಹಾಳೆ ಹಾಸಿಸಿದೆವು. ಈಗ ನೋಡಿದರೆ ಹಾಳೆಯ ಮೇಲೇ ನೀರು ನಿಂತಿದೆ. ಗಾಳಿಕಿಂಡಿಗಳನ್ನೆಲ್ಲ ತೆರೆದು, ಫ್ಯಾನ್ ಕೂಡ ಹಾಕಿದ್ದೇವೆ. ಆದರೂ ಒಣಗುತ್ತಿಲ್ಲ.

ಉತ್ತರ: ಫ್ಯಾನನ್ನು ಮೊದಲು ನಿಲ್ಲಿಸಿ. ಬಹುಶಃ ಅದೇ ನೀರು ತರುತ್ತಿದೆ.

ಹೊರಗೆ 32 ಡಿಗ್ರಿ ಸೆಲ್ಸಿಯಸ್ ಸೆಖೆ, ಗಾಳಿಯಲ್ಲಿ ಶೇ. 70 ತೇವಾಂಶ ಇದೆ ಅಂದುಕೊಳ್ಳಿ. ಆ ಗಾಳಿ ಸುಮಾರು 26 ಡಿಗ್ರಿಗೆ ತಣ್ಣಗಾದರೆ ಸಾಕು, ನೀರು ಬಿಡುತ್ತದೆ. ಮನೆಯಡಿಯ ನೆಲ, ತಣ್ಣೀರಿನ ಪೈಪು ಅದಕ್ಕಿಂತ ತಣ್ಣಗಿದ್ದರೆ ಅವು ಬೆವರುತ್ತವೆ, ತಣ್ಣೀರು ತುಂಬಿದ ಸ್ಟೀಲ್ ಚೊಂಬಿನ ಹಾಗೆ. ನೀವು ಜಾಸ್ತಿ ಗಾಳಿ ಬಿಟ್ಟಷ್ಟೂ ಜಾಸ್ತಿ ತೇವ ಒಳಗೆ ಬರುತ್ತದೆ. ಗಾಳಿ ಆಡಿದರೆ ಒಣಗುತ್ತದೆ ಅನ್ನುವ ಮಾತು ಹೊರಗೆ ಒಣಹವೆ ಇರುವಾಗ ಮಾತ್ರ ನಿಜ. ಹಳೆಯ ಪದ್ಧತಿಯಲ್ಲಿ 150 ಚದರ ಅಡಿ ನೆಲಕ್ಕೆ 1 ಚದರ ಅಡಿ ಕಿಂಡಿ ಬಿಡಬೇಕಿತ್ತು. ಮಣ್ಣನ್ನು ಹಾಳೆಯಿಂದ ಸರಿಯಾಗಿ ಮುಚ್ಚಿದ್ದರೆ ಅದರ ಹತ್ತನೇ ಒಂದು ಪಾಲು ಸಾಕು ಅಂತ ಅಮೆರಿಕದ ಕಟ್ಟಡ ನಿಯಮವೇ ಒಪ್ಪುತ್ತದೆ.

ಆದರೆ ಬೆವರೇ ಅಂತ ಖಚಿತ ಮಾಡಿಕೊಳ್ಳಿ. ನೀರನ್ನು ಒರೆಸಿ ತೆಗೆದು, ಮತ್ತೆ ಯಾವಾಗ ಬರುತ್ತದೆ ನೋಡಿ. ಮಳೆ ಬಂದ ಮಾರನೇ ದಿನ ಗೋಡೆಯ ಅಂಚಿನಲ್ಲಿ ಬಂದರೆ ಅದು ಹೊರಗಿನ ನೀರು. ಮಳೆ ಇಲ್ಲದಿದ್ದರೂ ಒಂದೇ ಜಾಗದಲ್ಲಿ ಬಂದರೆ ಪೈಪು. ಸೆಖೆಯ ದಿನಗಳಲ್ಲಿ ಹಾಳೆಯ ತುಂಬ ಸಣ್ಣ ಹನಿಗಳಾಗಿ ಕೂತರೆ ಬೆವರು.

ಬೆವರಾದರೆ ದಾರಿ ಒಂದೇ. ಕಿಂಡಿಗಳನ್ನು ಒಳಗಿನಿಂದ ಬಿಗಿಯಾಗಿ ಮುಚ್ಚಿ, ಸಂದಿಗಳನ್ನೂ ಮುಚ್ಚಿ, ತೇವ ಹೀರುವ ಯಂತ್ರ ಇಡುವುದು. ಒಳಗಿನ ತೇವಾಂಶ ಶೇ. 60ರ ಕೆಳಗೆ ಇರುವಂತೆ ನೋಡಿಕೊಳ್ಳಿ. ಒಂದು ಎಚ್ಚರಿಕೆ: ಗ್ಯಾಸ್ ಗೀಸರ್ ಅಥವಾ ಬೆಂಕಿ ಉರಿಸುವ ಯಾವುದೇ ಯಂತ್ರ ಆ ಜಾಗದಲ್ಲಿದ್ದರೆ ಕಿಂಡಿ ಮುಚ್ಚಲೇಬೇಡಿ. ಗಾಳಿ ಸಾಲದೆ ವಿಷದ ಹೊಗೆ ಮನೆಯೊಳಗೆ ಬರುತ್ತದೆ, ಅದರಿಂದ ಪ್ರಾಣ ಹೋಗುತ್ತದೆ. ಅದನ್ನು ಬೇರೆಡೆಗೆ ಹಾಕಿಸಿ, ಆಮೇಲೆ ಮುಚ್ಚಿ. ನೆಲದಿಂದ ರೇಡಾನ್ (ವಿಕಿರಣ ಸೂಸುವ, ಶ್ವಾಸಕೋಶದ ಕ್ಯಾನ್ಸರ್ ತರಬಲ್ಲ ಅನಿಲ) ಬರುವ ಪ್ರದೇಶವಾದರೆ ಮುಚ್ಚುವ ಮೊದಲೂ ಆಮೇಲೂ ಅಳತೆ ಮಾಡಿಸಿ. ಜಾಸ್ತಿ ಕಂಡುಬಂದರೆ ಹಾಳೆಯ ಅಡಿಯಿಂದ ಮಾಡಿನ ಮೇಲಕ್ಕೆ ಪೈಪು ಹಾಕಿ, ಫ್ಯಾನಿನಿಂದ ಎಳೆದು ಹೊರಬಿಡುವ ವ್ಯವಸ್ಥೆ ಇದೆ.

ಪ್ರಶ್ನೆ: ಹಾಳೆ ಹಾಸಿ, ಯಂತ್ರ ಇಟ್ಟ ಮೇಲೆ ವಾಸನೆ ಹೋಯಿತು. ಆದರೆ ಹಲಗೆಗಳ ನಡುವೆ ಹೊಸದಾಗಿ ಬಿರುಕು ಕಾಣುತ್ತಿದೆ. ಕೆಲಸ ಕೆಟ್ಟಿತಾ?

ಉತ್ತರ: ಇಲ್ಲ, ಗಾಬರಿಯಾಗಬೇಡಿ. ಮರ ಒಣಗುತ್ತಿದೆ. ತೇವ ಕುಡಿದು ಹಿಗ್ಗಿದ್ದ ಹಲಗೆ ಈಗ ಕುಗ್ಗುತ್ತಿದೆ. ಆದರೆ ಯಂತ್ರವನ್ನು ತೀರಾ ಜೋರಾಗಿ ಇಟ್ಟಿದ್ದರೆ ಸ್ವಲ್ಪ ಇಳಿಸಿ. ಬೇಗ ಒಣಗಿದರೆ ಹಲಗೆ ಸೊಟ್ಟಗಾಗಬಹುದು. ಬಿರುಕಿಗೆ ಈಗಲೇ ಏನೂ ತುಂಬಬೇಡಿ, ಹಲಗೆ ಉಜ್ಜಿ ಪಾಲಿಶ್ ಮಾಡಿಸುವ ಯೋಚನೆಯೂ ಬೇಡ. ಒಂದು ಮಳೆಗಾಲ, ಒಂದು ಬೇಸಿಗೆ ಕಳೆಯಲಿ. ಅಷ್ಟರಲ್ಲಿ ಮೀಟರ್ ಹಿಡಿದು ಆಗಾಗ ಜಂತಿ ನೋಡುತ್ತಿರಿ. ಅಳತೆ ಏರದೆ ಇಳಿಯದೆ ಒಂದು ಕಡೆ ನಿಂತ ಮೇಲೂ ಬಿರುಕು ಉಳಿದಿದ್ದರೆ ಆಗ ಬಡಗಿಯನ್ನು ಕರೆಸಿ ಸರಿಮಾಡಿಸಿ.