ಊರಿನ ಕಸ, ರಾಜ್ಯದ ಕಾನೂನು

ದಾವಣಗೆರೆಯ ಓದುಗರೊಬ್ಬರು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್‌ನಲ್ಲಿರುವ ಮಗಳ ಮನೆಗೆ ಹೋಗಿಬಂದು ಬರೆದಿದ್ದಾರೆ: ‘ಹಿಂದೊಮ್ಮೆ ಹೋದಾಗ ಅಂಗಡಿಗಳಲ್ಲಿ ತೆಳು ಪ್ಲಾಸ್ಟಿಕ್ ಚೀಲ ಕೊಡುತ್ತಿರಲಿಲ್ಲ. ಈ ಸಲ ಕೆಲವು ಕಡೆ ಮತ್ತೆ ಕಂಡವು. ರಾಜ್ಯದ ಕಾನೂನು ಅಡ್ಡ ಬಂತು ಎಂದಳು ಮಗಳು. ಊರಿನ ಕಸದ ವಿಚಾರ ಊರಿಗೇ ಬಿಡಬಾರದೇ? ಈಗ ಯಾರನ್ನು ಕೇಳಬೇಕು?’

ಸಂಪಾದಕರ ಉತ್ತರ: ನಿಮ್ಮ ಮಗಳು ಹೇಳಿದ್ದು ಸರಿ. ಆಸ್ಟಿನ್ 2013ರಲ್ಲೇ ತೆಳು ಚೀಲ ನಿಲ್ಲಿಸಿತ್ತು. ಅದಕ್ಕೆ ಕುತ್ತು ಬಂದದ್ದು ಮಾತ್ರ ಮೆಕ್ಸಿಕೋ ಗಡಿಯ ಲರೆಡೊ ಊರಿನ ಕೇಸಿನಿಂದ. ಅಲ್ಲೂ ಇಂಥದ್ದೇ ನಿಯಮ ಬಂದಾಗ ವ್ಯಾಪಾರಿಗಳ ಸಂಘ ಕೋರ್ಟಿಗೆ ಹೋಯಿತು. ಅವರ ಕೈಗೆ ಸಿಕ್ಕಿದ್ದು ಟೆಕ್ಸಾಸ್‌ನ 1993ರ ಒಂದು ಕಲಮು. ಕಸ ನಿರ್ವಹಣೆಗೆಂದು ಯಾವ ಊರೂ ಸರಕು ತುಂಬುವ ಡಬ್ಬ, ಪೊಟ್ಟಣಗಳ ಮಾರಾಟ ಅಥವಾ ಬಳಕೆಯನ್ನು ತನ್ನಿಷ್ಟಕ್ಕೆ ತಡೆಯುವಂತಿಲ್ಲ ಅನ್ನುತ್ತೆ ಅದು. ಅಂಗಡಿಯಲ್ಲಿರುವ ಹೊಸ ಚೀಲ ಇನ್ನೂ ಕಸವೇ ಆಗಿಲ್ಲವಲ್ಲ ಅಂತ ನಗರಾಡಳಿತ ವಾದಿಸಿತು. ಜಾಣ ವಾದವೇ. ಆದರೆ 2018ರ ಜೂನ್‌ನಲ್ಲಿ ಟೆಕ್ಸಾಸ್ ಸುಪ್ರೀಂ ಕೋರ್ಟ್ ಒಮ್ಮತದಿಂದ ಅದನ್ನು ತಳ್ಳಿಹಾಕಿತು. ಆಸ್ಟಿನ್ ಕೂಡ ತನ್ನ ನಿಯಮ ಕೈಬಿಟ್ಟಿತು.

ಕೋರ್ಟನ್ನು ಬೈದು ಪ್ರಯೋಜನವಿಲ್ಲ. ತೀರ್ಪಿಗೆ ಒಪ್ಪಿದ ನ್ಯಾಯಮೂರ್ತಿ ಇವಾ ಗುಜ್ಮನ್ ಅವರೇ ಪ್ರತ್ಯೇಕವಾಗಿ ಬರೆದು, ಎಲ್ಲೆಂದರಲ್ಲಿ ಬಿಸಾಡಿದ ಪ್ಲಾಸ್ಟಿಕ್ ಪರಿಸರಕ್ಕೂ ಜನರ ಜೇಬಿಗೂ ಪಿಡುಗು, ಶಾಸನಸಭೆ ಏನಾದರೂ ಮಾಡಬೇಕು ಎಂದಿದ್ದರು.

ಇನ್ನೊಂದು ಕಡೆಯ ಮಾತೂ ಇದೆ. ಊರೂರಿಗೆ ಒಂದೊಂದು ನಿಯಮವಾದರೆ ನೂರಾರು ಮಳಿಗೆ ನಡೆಸುವವರಿಗೆ ತಲೆನೋವು, ಹಾಗಾಗಿ ಇಡೀ ರಾಜ್ಯಕ್ಕೆ ಒಂದೇ ನಿಯಮ ಇರಲಿ ಅನ್ನುತ್ತಾರೆ. ಒಪ್ಪೋಣ. ಹಾಗಾದರೆ ಆ ಒಂದು ನಿಯಮವನ್ನು ಮಾಡಬೇಕಲ್ವಾ? ನ್ಯೂಯಾರ್ಕ್ ರಾಜ್ಯ 2017ರಲ್ಲಿ ನ್ಯೂಯಾರ್ಕ್ ನಗರದ ಚೀಲ ಶುಲ್ಕ ತಡೆದಿದ್ದು ನಿಜ, ಆದರೆ 2020ರಲ್ಲಿ ತಾನೇ ರಾಜ್ಯವಿಡೀ ನಿಷೇಧ ತಂದಿತು. ಫ್ಲಾರಿಡಾದ ಕಥೆ ಬೇರೆ. ಚೀಲಗಳ ಬಗ್ಗೆ ರಾಜ್ಯದ ಪರಿಸರ ಇಲಾಖೆಯ ವರದಿ ಬಂದು, ಶಾಸನಸಭೆ ಅದರ ಶಿಫಾರಸು ಒಪ್ಪುವ ತನಕ ಊರುಗಳು ಸುಮ್ನಿರಿ ಎಂದು 2008ರಲ್ಲಿ ಕಾನೂನು ಮಾಡಿದರು. ವರದಿ 2010ರಲ್ಲೇ ಬಂತು. ಒಪ್ಪಿಗೆ ಬರಲಿಲ್ಲ. ಊರುಗಳಿಗೆ ಹಾಕಿದ ಬೀಗ ಹಾಗೇ ಉಳಿಯಿತು! ಇದನ್ನು ಏಕರೂಪದ ನಿಯಮ ಅನ್ನಲು ನನಗೆ ಬಾಯಿ ಬರುವುದಿಲ್ಲ.

ಊರುಗಳನ್ನು ತಡೆಯುವ ಇಂಥ ಕಾನೂನು ಶಾಶ್ವತವೇನಲ್ಲ. ಕೊಲೊರಾಡೊ 2021ರಲ್ಲಿ ತನ್ನದನ್ನು ತೆಗೆಯಲು ಕಾನೂನು ಮಾಡಿತು. ನಿಮ್ಮ ಮಗಳು ಆಸ್ಟಿನ್ ನಗರಾಡಳಿತಕ್ಕೆ ಅರ್ಜಿ ಬರೆದರೆ ಜಾಸ್ತಿ ಏನೂ ಆಗದು, ಅವರ ಕೈ ಕಟ್ಟಿದೆ. ಆಸ್ಟಿನ್ನೇ ಟೆಕ್ಸಾಸ್ ರಾಜಧಾನಿ, ಶಾಸನಸಭೆ ಸೇರುವುದೂ ಅಲ್ಲೇ. ತಮ್ಮ ಕ್ಷೇತ್ರದ ಶಾಸಕರಿಗೆ ಬರೆಯಲಿ.